ದೇವರ ಹೆಸರೂ ಮನುಷ್ಯನ ಮಾತೂ

ಕೇರಳ ವಿಧಾನಸಭೆಗೆ ಹೊಸದಾಗಿ ಆರಿಸಿ ಬಂದವರು ತಿರುವನಂತಪುರದಲ್ಲಿ ಪ್ರಮಾಣವಚನ ಸ್ವೀಕರಿಸುವ ದಿನ ಕಾಸರಗೋಡಿನ ಕನ್ನಡಿಗರಾದ ನಾವು ಮುಖ್ಯವಾಗಿ ಒಂದು ಸಂಗತಿಯನ್ನು ಗಮನಿಸುತ್ತೇವೆ: ನಮ್ಮ ಕಡೆಯ ಶಾಸಕರು ಕನ್ನಡದಲ್ಲಿ ಪ್ರಮಾಣ ಮಾಡಿದರೇ, ಇಲ್ಲವೇ? 2021ರಲ್ಲಿ ಮಂಜೇಶ್ವರದ ಎ.ಕೆ.ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣ ಸ್ವೀಕರಿಸಿದಾಗ ಇಲ್ಲಿ ಅನೇಕರಿಗೆ ಸಂತೋಷವಾಯಿತು. ತನ್ನ ಮಾತನ್ನು ತನ್ನದೇ ನುಡಿಯಲ್ಲಿ ಕೊಡುವುದೆಂದರೆ ಏನೆಂದು ಗಡಿನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ದಿನ ಅದೇ ಸದನದಲ್ಲಿ ಇನ್ನೊಂದು ಆಯ್ಕೆಯೂ ನಡೆಯುತ್ತಿರುತ್ತದೆ. ಕೆಲವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರೆ. ಇನ್ನು ಕೆಲವರು ದೇವರನ್ನು ಕರೆಯದೆ, ಗಾಂಭೀರ್ಯದಿಂದ ದೃಢಪ್ರತಿಜ್ಞೆ ಮಾಡುತ್ತಾರೆ. ಮಲಯಾಳ ಪತ್ರಿಕೆಗಳು ಮರುದಿನ ‘ದೈವನಾಮತ್ತಿಲ್’ ಎಷ್ಟು ಮಂದಿ, ‘ಸಗೌರವಂ’ ಎಷ್ಟು ಮಂದಿ ಎಂದು ಲೆಕ್ಕ ಹಾಕಿ ಬರೆಯುತ್ತವೆ. ಇವೆರಡರಲ್ಲಿ ಒಂದು ಇರಲೇಬೇಕು. 2021ರಲ್ಲಿಯೇ ದೇವಿಕುಳಂ ಶಾಸಕ ಎ. ರಾಜಾ ಅವರು ತಮಿಳಿನಲ್ಲಿ ಓದಿದ ಪ್ರಮಾಣವಚನದ ಭಾಷಾಂತರದಲ್ಲಿ ದೇವರ ಹೆಸರೂ ಇರಲಿಲ್ಲ, ದೃಢಪ್ರತಿಜ್ಞೆಯ ಪದವೂ ಇರಲಿಲ್ಲ. ಅದು ಬೆಳಕಿಗೆ ಬಂದ ಮೇಲೆ ಜೂನ್ 2ರಂದು ಅವರು ಮತ್ತೊಮ್ಮೆ ಪ್ರಮಾಣ ಸ್ವೀಕರಿಸಬೇಕಾಯಿತು.

ಒಂದು ಪದದ ವಿಷಯದಲ್ಲಿ ಇಷ್ಟು ನಿಷ್ಠುರತೆ ಏಕೆ ಎಂದು ಓದುಗರಿಗೆ ಅನಿಸಬಹುದು. ಈ ಎರಡು ಪದಗಳು ಒಂದರ ಪಕ್ಕದಲ್ಲಿ ಇನ್ನೊಂದು ಕುಳಿತುಕೊಳ್ಳಲು ಸುಮಾರು ಇನ್ನೂರು ವರ್ಷ ಹಿಡಿದಿದೆ. ಅದಕ್ಕಾಗಿ ಕ್ರೈಸ್ತರು ಸೆರೆಮನೆ ಸೇರಿದ್ದಾರೆ, ನಾಸ್ತಿಕರೂ ಸೇರಿದ್ದಾರೆ. ಆಸ್ತಿಕನೂ ನಾಸ್ತಿಕನೂ ಪರಸ್ಪರ ಗೌರವದಿಂದ ಬಾಳುವುದು ಹೇಗೆಂಬ ಪ್ರಶ್ನೆಗೆ ನಮಗೆ ತಿಳಿದಿರುವ ಅತ್ಯುತ್ತಮ ಪಾಠ ಈ ಕಥೆಯಲ್ಲಿದೆ. ಆದುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬಯಸುತ್ತೇವೆ.

ಸತ್ಯ ಹೇಳಿದ್ದೇ ತಪ್ಪಾಯಿತು

ಆಣೆಯ ಬಲ ನಮ್ಮ ಊರಿಗೆ ಹೊಸದಲ್ಲ. ಕಾನತ್ತೂರಿನ ದೈವಗಳ ಮುಂದೆ ನಿಂತು ತಗಾದೆ ತೀರಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಧರ್ಮಸ್ಥಳದ ಆಣೆಯೆಂದರೆ ಸಾಲಗಾರನೂ ಒಮ್ಮೆ ಯೋಚಿಸುತ್ತಾನೆ. ಸುಳ್ಳು ಹೇಳಿದರೆ ಮೇಲಿನವನು ನೋಡಿಕೊಳ್ಳುತ್ತಾನೆ ಎಂಬ ಭಯವೇ ಆಣೆಯ ತಳಹದಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ನ್ಯಾಯಾಲಯಗಳೂ ಇದೇ ತಳಹದಿಯ ಮೇಲೆ ನಿಂತಿದ್ದವು. ದೇವರನ್ನೂ, ಸತ್ತ ಮೇಲಿನ ಶಿಕ್ಷೆಯನ್ನೂ ನಂಬದವನು ಆಣೆಯಿಡಲು ಅರ್ಹನಲ್ಲ. ಆಣೆಯಿಡಲಾರದವನ ಸಾಕ್ಷ್ಯ ಸಾಕ್ಷ್ಯವೇ ಅಲ್ಲ. ಇದು ಅಲ್ಲಿನ ಕಾನೂನು.

1861ರಲ್ಲಿ ರೋಚ್‌ಡೇಲ್ ಪಟ್ಟಣದ ಮೇಡನ್ ಎಂಬ ಮಹಿಳೆಯೂ ಅವರ ಗಂಡನೂ ತಮ್ಮ ಪಿಯಾನೊ ಒಂದನ್ನು ಮರಳಿ ಪಡೆಯಲು ದಾವೆ ಹೂಡಿದರು. ಸಾಕ್ಷಿಕಟ್ಟೆ ಹತ್ತಿದಾಗ ಪ್ರತಿವಾದಿಯ ವಕೀಲರು ನಿಮಗೆ ದೇವರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರು. ಇಲ್ಲವೆಂದು ಆಕೆ ಉತ್ತರಿಸಿದರು. ಅಲ್ಲಿಗೆ ಅವರ ಸಾಕ್ಷ್ಯ ತಿರಸ್ಕೃತವಾಯಿತು, ದಾವೆಯೂ ಬಿದ್ದುಹೋಯಿತು. ಇದೆ ಎಂದು ಒಂದು ಸುಳ್ಳು ಹೇಳಿದ್ದರೆ ಪಿಯಾನೊ ಸಿಗುತ್ತಿತ್ತೋ ಏನೋ! ಸುಳ್ಳು ಹೇಳಬಲ್ಲ ನಾಸ್ತಿಕನನ್ನು ಒಳಗೆ ಬಿಟ್ಟು, ಸತ್ಯ ಹೇಳುವ ನಾಸ್ತಿಕನನ್ನು ಮಾತ್ರ ಹೊರಗಟ್ಟುವ ಕಾನೂನು ಸತ್ಯವನ್ನು ಹೇಗೆ ಕಾಪಾಡೀತು ಎಂದು ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅದಕ್ಕೆ ಎರಡು ವರ್ಷ ಮೊದಲೇ, 1859ರಲ್ಲಿ, ವಾದಿಸಿದ್ದರು. 1869ರಲ್ಲಿ ಕಾಯಿದೆ ತಿದ್ದಿ, ನಂಬಿಕೆ ಇಲ್ಲದವರೂ ನ್ಯಾಯಾಲಯದಲ್ಲಿ ದೃಢಪ್ರತಿಜ್ಞೆ ಮಾಡಿ ಸಾಕ್ಷ್ಯ ಹೇಳಬಹುದೆಂದು ಮಾಡಿದರು. ಆದರೆ ಪಾರ್ಲಿಮೆಂಟಿನ ಬಾಗಿಲು ಮಾತ್ರ ತೆರೆಯಲಿಲ್ಲ.

ಬಾಗಿಲು ತೆರೆದವರು ಕ್ರೈಸ್ತರೇ

ಇಲ್ಲಿ ಒಂದು ಸ್ವಾರಸ್ಯದ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆಣೆಗೆ ಬದಲಾಗಿ ದೃಢಪ್ರತಿಜ್ಞೆ ಎಂಬ ದಾರಿಯನ್ನು ಇಂಗ್ಲೆಂಡಿನಲ್ಲಿ ಮೊತ್ತಮೊದಲು ತೆರೆಸಿದವರು ನಾಸ್ತಿಕರಲ್ಲ, ಅತ್ಯಂತ ನಿಷ್ಠಾವಂತ ಕ್ರೈಸ್ತರಾದ ಕ್ವೇಕರ್ ಪಂಥದವರು. ಗಿರಿಪ್ರವಚನದಲ್ಲಿ ಯೇಸು ಆಣೆಯಿಡುವುದನ್ನೇ ನಿಷೇಧಿಸಿದ್ದಾರೆ ಎಂಬುದು ಅವರ ನಂಬಿಕೆ. ಕೋರ್ಟಿನಲ್ಲಿ ಮಾತ್ರ ಆಣೆಯಿಟ್ಟು ಸತ್ಯ ಹೇಳುವುದೆಂದರೆ ಬೇರೆ ವೇಳೆಯಲ್ಲಿ ಸತ್ಯ ಹೇಳಬೇಕಾಗಿಲ್ಲವೆಂದು ಅರ್ಥವಾಗುವುದಿಲ್ಲವೇ ಎಂದು ಅವರು ಕೇಳಿದರು. ಹದಿನೇಳನೆಯ ಶತಮಾನದಲ್ಲಿ ಇದೇ ಹಟಕ್ಕಾಗಿ ಅವರಲ್ಲಿ ಬಹಳ ಮಂದಿ ಸೆರೆಮನೆ ಕಂಡರು. ಕೊನೆಗೆ 1696ರಲ್ಲಿ ಅವರಿಗೆಂದೇ ಒಂದು ಕಾಯಿದೆಯಾಗಿ, ಸಿವಿಲ್ ವ್ಯಾಜ್ಯಗಳಲ್ಲಿ ಆಣೆಯಿಲ್ಲದೆ ಮಾತು ಕೊಡಲು ಅನುಮತಿ ದೊರೆಯಿತು.

ಪಾರ್ಲಿಮೆಂಟು ಇನ್ನೂ ಬಿಗಿಯಾಗಿತ್ತು. 1699ರಲ್ಲಿ ಜಾನ್ ಆರ್ಚ್‌ಡೇಲ್ ಎಂಬ ಕ್ವೇಕರ್ ಸದಸ್ಯರು ಆಣೆಯಿಡಲು ಒಪ್ಪದೆ ಸ್ಥಾನ ಕಳೆದುಕೊಂಡರು. 1833ರಲ್ಲಿ ಜೋಸೆಫ್ ಪೀಸ್ ಎಂಬ ಇನ್ನೊಬ್ಬ ಕ್ವೇಕರ್ ದೃಢಪ್ರತಿಜ್ಞೆ ಮಾಡಿಯೇ ಒಳಗೆ ಕುಳಿತರು. ನಡುವೆ ಕಳೆದದ್ದು ನೂರ ಮೂವತ್ತನಾಲ್ಕು ವರ್ಷ. 1829ರಲ್ಲಿ ಕಥೋಲಿಕರಿಗೆ, 1858ರಲ್ಲಿ ಯೆಹೂದ್ಯರಿಗೆ ಆ ಸದನದ ಬಾಗಿಲು ತೆರೆಯಿತು. ಲಂಡನ್ನಿನಿಂದ ಆರಿಸಿ ಬಂದಿದ್ದ ಲಯನೆಲ್ ಡಿ ರಾಥ್‌ಶೀಲ್ಡ್ ಎಂಬ ಯೆಹೂದ್ಯರು, ತಾನು ಕ್ರೈಸ್ತ ಶ್ರದ್ಧೆಯವನೆಂದು ಹೇಳುವ ಪದಗಳನ್ನು ಉಚ್ಚರಿಸಲಾರದೆ ಹನ್ನೊಂದು ವರ್ಷ ಹೊರಗೆ ಕಾದಿದ್ದರು. ಉಳಿದವನು ನಾಸ್ತಿಕ ಒಬ್ಬನೇ.

ನಾರ್ಥಾಂಪ್ಟನ್ನಿನ ಸದಸ್ಯ

ಚಾರ್ಲ್ಸ್ ಬ್ರಾಡ್ಲಾ ಹುಟ್ಟಿದ್ದು 1833ರಲ್ಲಿ, ಲಂಡನ್ನಿನ ಬಡ ಗುಮಾಸ್ತರೊಬ್ಬರ ಮನೆಯಲ್ಲಿ. ಚಿಕ್ಕಂದಿನಲ್ಲಿ ಅವರು ಇಗರ್ಜಿಯ ರವಿವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶ್ರದ್ಧಾವಂತ ಹುಡುಗ. ಬಿಷಪರು ಬರುತ್ತಾರೆಂದು ಸುವಾರ್ತೆಗಳನ್ನು ಜಾಗ್ರತೆಯಿಂದ ಓದತೊಡಗಿದಾಗ ಅಲ್ಲಲ್ಲಿ ಒಂದಕ್ಕೊಂದು ಹೊಂದದ ಮಾತುಗಳು ಕಂಡವು. ವಿವರಿಸಿ ಹೇಳಬೇಕೆಂದು ತಮ್ಮ ಪಾದ್ರಿಗೆ ಪತ್ರ ಬರೆದರು. ಬಂದ ಉತ್ತರ ವಿವರಣೆಯಲ್ಲ, ನಾಸ್ತಿಕನೆಂಬ ದೂರು! ಪಾಠ ಹೇಳುವ ಕೆಲಸ ಹೋಯಿತು, ಸ್ವಲ್ಪ ಸಮಯದಲ್ಲಿ ಮನೆಯೂ ತಪ್ಪಿತು. ಪ್ರಶ್ನೆ ಕೇಳಿದ ಹುಡುಗನ ಪತ್ರಕ್ಕೆ ಆ ಪಾದ್ರಿಗಳು ಸಮಾಧಾನದಿಂದ ಉತ್ತರ ಬರೆದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ವ್ಯರ್ಥ. ಆದರೆ ಎಷ್ಟೋ ಮಂದಿಯನ್ನು ಇಗರ್ಜಿಯಿಂದ ಹೊರಗೆ ಕಳುಹಿಸಿದ್ದು ಅವರ ತರ್ಕವಲ್ಲ, ಒಳಗಿನವರ ಕೋಪ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಬ್ರಾಡ್ಲಾ ಮುಂದೆ ಸಿಪಾಯಿಯಾದರು, ವಕೀಲರ ಕಚೇರಿಯಲ್ಲಿ ಗುಮಾಸ್ತರಾದರು, ಬಳಿಕ ದೇಶದಲ್ಲೇ ಹೆಸರಾಂತ ನಿರೀಶ್ವರವಾದಿ ಭಾಷಣಕಾರರಾದರು. ಅವರ ಬಗ್ಗೆ ಒಂದು ಕಟ್ಟುಕಥೆ ಊರೂರು ಸುತ್ತಿತು: ಗಡಿಯಾರ ಕೈಯಲ್ಲಿ ಹಿಡಿದು, ದೇವರಿದ್ದರೆ ಐದು ನಿಮಿಷದೊಳಗೆ ನನ್ನನ್ನು ಕೊಲ್ಲಲಿ ಎಂದು ಅವರು ಸವಾಲು ಹಾಕಿದರಂತೆ! ಹಾಗೆ ಮಾಡಿಯೇ ಇಲ್ಲವೆಂದು ಅವರು ಎಷ್ಟು ಹೇಳಿದರೂ, ಕೋರ್ಟಿಗೆ ಹೋದರೂ ಆ ಕಥೆ ಸಾಯಲಿಲ್ಲ. ಅವರೊಡನೆ ದುಡಿದ, ಪಾದ್ರಿಯೊಬ್ಬರ ಪತ್ನಿಯಾಗಿದ್ದ ಆನಿ ಬೆಸೆಂಟರ ಪಾಡು ಇನ್ನೂ ಕಠಿಣ. ನಿರೀಶ್ವರವಾದಿ ಎಂಬುದಕ್ಕೂ, ಸಂತಾನ ನಿಯಂತ್ರಣದ ಪುಸ್ತಕ ಪ್ರಕಟಿಸಿದ್ದಕ್ಕೂ 1878ರಲ್ಲಿ ನ್ಯಾಯಾಲಯ ಅವರ ಪುಟ್ಟ ಮಗಳನ್ನು ಅವರಿಂದ ಬಿಡಿಸಿತು. ಮುಂದೆ ಇದೇ ಬೆಸೆಂಟರು ಥಿಯೊಸಫಿಯನ್ನು ನಂಬಿ ಭಾರತಕ್ಕೆ ಬಂದುದನ್ನೂ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದುದನ್ನೂ ನಾವೆಲ್ಲ ಬಲ್ಲೆವು.

1880ರಲ್ಲಿ ಚಮ್ಮಾರರ ಊರಾದ ನಾರ್ಥಾಂಪ್ಟನ್ ಬ್ರಾಡ್ಲಾರನ್ನು ಪಾರ್ಲಿಮೆಂಟಿಗೆ ಆರಿಸಿತು. ಮೇ 3ರಂದು ಅವರು ಸ್ಪೀಕರರ ಮುಂದೆ ನಿಂತು, ಕೋರ್ಟಿನಲ್ಲಿ ಮಾಡುವಂತೆ ಇಲ್ಲಿಯೂ ದೃಢಪ್ರತಿಜ್ಞೆ ಮಾಡಲು ಅನುಮತಿ ಕೇಳಿದರು. ವಿಷಯ ಸಮಿತಿಗೆ ಹೋಯಿತು. ಸಮಿತಿ ಒಂದೇ ಮತದ ಅಂತರದಲ್ಲಿ ಬೇಡವೆಂದಿತು. ಹಾಗಾದರೆ ಎಲ್ಲರಂತೆ ಆಣೆಯನ್ನೇ ಇಡುತ್ತೇನೆ, ಅದರಲ್ಲಿರುವ ದೇವರ ಮಾತು ನನಗೆ ಅರ್ಥವಿಲ್ಲದ್ದಾದರೂ ಕೊಟ್ಟ ವಚನಕ್ಕೆ ಬದ್ಧನಾಗಿರುತ್ತೇನೆ ಎಂದು ಅವರು ಬಹಿರಂಗವಾಗಿ ತಿಳಿಸಿದರು. ಕೆಲವು ಸದಸ್ಯರು ಇದನ್ನೇ ಹಿಡಿದು, ನಾಸ್ತಿಕನ ಬಾಯಲ್ಲಿ ಆಣೆ ದೇವನಿಂದೆಯಾಗುತ್ತದೆ ಎಂದು ಎದ್ದು ನಿಂತರು. ಪ್ರತಿಜ್ಞೆ ಮಾಡುವಂತಿಲ್ಲ, ಆಣೆಯಿಡುವಂತೆಯೂ ಇಲ್ಲ! ಜೂನ್ 23ರಂದು ಹೊರಗೆ ಹೋಗಲೊಪ್ಪದ ಬ್ರಾಡ್ಲಾರನ್ನು ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಒಂದು ರಾತ್ರಿ ಕೂಡಿಹಾಕಲಾಯಿತು.

ಬಳಿಕ ನಡೆದುದು ಆರು ವರ್ಷದ ಕಾಳಗ. ಜುಲೈಯಲ್ಲಿ ಸ್ವಂತ ಹೊಣೆಯ ಮೇಲೆ ಪ್ರತಿಜ್ಞೆ ಮಾಡಿ ಕುಳಿತುಕೊಳ್ಳಲು ಸದನ ಬಿಟ್ಟಿತು. ಅದು ಕಾನೂನಿಗೆ ವಿರುದ್ಧವೆಂದು 1881ರ ಮಾರ್ಚಿಯಲ್ಲಿ ಕೋರ್ಟು ತೀರ್ಪಿತ್ತಿತು. ಸ್ಥಾನ ಹೋಯಿತು, ನಾರ್ಥಾಂಪ್ಟನ್ ಮತ್ತೆ ಆರಿಸಿ ಕಳುಹಿಸಿತು. 1881ರ ಆಗಸ್ಟ್ 3ರಂದು ಒಳಗೆ ಹೋಗಲು ಬಂದವರನ್ನು ಪೊಲೀಸರೂ ಸೇವಕರೂ ಸೇರಿ ಅಂಗಿ ಹರಿಯುವಂತೆ ಎಳೆದು ಅಂಗಳಕ್ಕೆ ತಳ್ಳಿದರು. 1882ರಲ್ಲಿ ಮತ್ತೆ ಹೊರಗೆ, ಮತ್ತೆ ಚುನಾವಣೆ; 1884ರಲ್ಲಿಯೂ ಹಾಗೆಯೇ. 1880ರಿಂದ 1885ರ ವರೆಗೆ ಆ ಊರಿನವರು ಒಬ್ಬನೇ ಮನುಷ್ಯನನ್ನು ಐದು ಸಲ ಆರಿಸಿದರು. ಅವರೆಲ್ಲ ನಾಸ್ತಿಕರಾಗಿದ್ದರೇ? ಖಂಡಿತ ಇಲ್ಲ. ಬಹುಪಾಲು ಮಂದಿ ಇಗರ್ಜಿಗೆ, ಪ್ರಾರ್ಥನಾಲಯಕ್ಕೆ ಹೋಗುವ ಕ್ರೈಸ್ತರೇ. ತಮ್ಮ ಪ್ರತಿನಿಧಿ ಯಾರೆಂದು ತೀರ್ಮಾನಿಸುವವರು ತಾವು ಎಂಬುದಷ್ಟೇ ಅವರ ವಾದ.

ಗ್ಲ್ಯಾಡ್‌ಸ್ಟನ್ನರ ಮಾತು

ಕ್ರೈಸ್ತರಲ್ಲಿ ಈ ವಿಷಯದಲ್ಲಿ ಎರಡು ಪಕ್ಷಗಳಾದವು. ಕಥೋಲಿಕ ಕಾರ್ಡಿನಲ್ ಮ್ಯಾನಿಂಗ್ ಅವರು ನಾಸ್ತಿಕನಿಗೆ ಶಾಸನಸಭೆಯಲ್ಲಿ ಸ್ಥಾನ ಕೊಡುವುದನ್ನು ಲೇಖನ ಬರೆದು ವಿರೋಧಿಸಿದರು. ಕ್ರೈಸ್ತ ರಾಜ್ಯವೊಂದು ದೇವರನ್ನು ಮರೆತರೆ ಉಳಿಯುವುದೇನು ಎಂಬ ಅವರ ಆತಂಕ ಕಪಟದ್ದಾಗಿರಲಿಲ್ಲ. ಇನ್ನೊಂದು ಕಡೆ ಸ್ಟುವರ್ಟ್ ಹೆಡ್ಲಮ್ ಎಂಬ ಆಂಗ್ಲಿಕನ್ ಪಾದ್ರಿಗಳು. ಬ್ರಾಡ್ಲಾ ಗೋಪುರದಲ್ಲಿ ಸೆರೆಯಾಗಿದ್ದಾಗ ಅವರಿಗೆ ತಂತಿ ಕಳುಹಿಸಿ, ಬಿಡುಗಡೆಯನ್ನು ಸಾರಿದ ಯೇಸುಕ್ರಿಸ್ತನ ಹೆಸರಿನಲ್ಲಿಯೇ ಶುಭ ಹಾರೈಸಿದವರು ಇವರು. ನಂಬಿಕೆಯಿಲ್ಲದವನಿಗೆ ನಂಬಿಕೆಯ ಹೆಸರಿನಲ್ಲಿ ಹರಸಿದ ಆ ತಂತಿಯನ್ನು ಬ್ರಾಡ್ಲಾ ತಿರಸ್ಕರಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಬಂದದ್ದು ಪ್ರಧಾನಿ ಗ್ಲ್ಯಾಡ್‌ಸ್ಟನ್ನರಿಂದ. ಅವರು ದಿನವೂ ಪ್ರಾರ್ಥಿಸುವ, ಧರ್ಮಶಾಸ್ತ್ರ ಗ್ರಂಥಗಳನ್ನು ಬರೆದ ಆಂಗ್ಲಿಕನ್ ಕ್ರೈಸ್ತರು. ಬ್ರಾಡ್ಲಾರ ಅಭಿಪ್ರಾಯಗಳು ಅವರಿಗೆ ಕಹಿ. ಆದರೂ 1883ರ ಏಪ್ರಿಲ್ 26ರಂದು, ಇಷ್ಟವಿದ್ದ ಸದಸ್ಯರೆಲ್ಲ ದೃಢಪ್ರತಿಜ್ಞೆ ಮಾಡಬಹುದೆಂಬ ಮಸೂದೆಯ ಪರವಾಗಿ ಅವರು ಮಾತನಾಡಿದರು. ಅವರ ವಾದದ ಸಾರ ಇಷ್ಟು: ಕ್ರಿಸ್ತನನ್ನು ಒಪ್ಪದವರನ್ನೂ ಒಳಗೆ ಬಿಟ್ಟಾಗಿದೆ. ಇನ್ನು ಯಾವುದೋ ಒಂದು ದೇವರು ಎಂಬ ಬರಿಯ ಹೆಸರಿಗೆ ಬಾಗಿಲಲ್ಲಿ ಕಾವಲು ಹಾಕಿದರೆ ಕ್ರೈಸ್ತಧರ್ಮಕ್ಕೆ ಅದರಿಂದ ಯಾವ ಲಾಭವೂ ಇಲ್ಲ. ಮನುಷ್ಯರ ವ್ಯವಹಾರಕ್ಕೆ ಕೈಹಾಕದೆ ದೂರ ಕುಳಿತ ದೇವರನ್ನು ಪ್ರಾಚೀನ ಕವಿ ಲುಕ್ರೀಷಿಯಸ್ ಕೂಡ ಒಪ್ಪುತ್ತಾನಲ್ಲ ಎಂದು ಲ್ಯಾಟಿನ್ ಪದ್ಯವನ್ನೇ ಅವರು ಓದಿ ತೋರಿಸಿದರು. ಧರ್ಮದ ಹೆಸರಿನಲ್ಲಿ ಅನ್ಯಾಯ ನಡೆಯುವುದನ್ನು ಕಂಡ ಜನರು ಧರ್ಮದಿಂದಲೇ ದೂರವಾಗುತ್ತಾರೆ, ಆ ನಷ್ಟ ನಾಸ್ತಿಕನಿಂದ ಆಗುವ ನಷ್ಟಕ್ಕಿಂತ ದೊಡ್ಡದು ಎಂಬುದು ಅವರ ಕೊನೆಯ ಎಚ್ಚರಿಕೆ.

ಮಸೂದೆ ಬಿತ್ತು. ಪರವಾಗಿ 289, ವಿರುದ್ಧವಾಗಿ 292; ಮೂರೇ ಮತಗಳ ಸೋಲು. ಗೆಲುವು ಬಂದದ್ದು 1886ರ ಜನವರಿಯಲ್ಲಿ. ಹೊಸ ಸ್ಪೀಕರ್ ಆರ್ಥರ್ ಪೀಲ್, ಆರಿಸಿ ಬಂದ ಸದಸ್ಯನು ಪ್ರಮಾಣ ಮಾಡುವಾಗ ನಡುವೆ ಬಾಯಿ ಹಾಕುವ ಅಧಿಕಾರ ಯಾರಿಗೂ ಇಲ್ಲವೆಂದು ತಡೆಯಲೆತ್ತಿಸಿದವರನ್ನು ಸುಮ್ಮನಿರಿಸಿದರು. ಬ್ರಾಡ್ಲಾ ಆಣೆಯಿಟ್ಟು ಒಳಗೆ ಕುಳಿತರು. ಎರಡು ವರ್ಷಗಳ ಬಳಿಕ, 1888ರಲ್ಲಿ, ಅವರೇ ತಂದ ಮಸೂದೆ ಕಾಯಿದೆಯಾಯಿತು.

ಆ ಕಾಯಿದೆಯ ಮಾತುಗಳನ್ನು ಗಮನಿಸಬೇಕು. ತನಗೆ ಧರ್ಮದಲ್ಲಿ ನಂಬಿಕೆಯಿಲ್ಲವೆಂಬ ಕಾರಣಕ್ಕಾಗಲಿ, ಆಣೆಯಿಡುವುದು ತನ್ನ ಧರ್ಮನಂಬಿಕೆಗೆ ವಿರುದ್ಧವೆಂಬ ಕಾರಣಕ್ಕಾಗಲಿ ಆಣೆ ಬೇಡವೆನ್ನುವ ಯಾರೂ ದೃಢಪ್ರತಿಜ್ಞೆ ಮಾಡಬಹುದು. ಒಂದೇ ವಾಕ್ಯದಲ್ಲಿ ನಾಸ್ತಿಕನೂ ಇದ್ದಾನೆ, ಕ್ವೇಕರನೂ ಇದ್ದಾನೆ. ಒಬ್ಬನ ಆತ್ಮಸಾಕ್ಷಿಗಾಗಿ ಕೊರೆದ ಕಿಂಡಿಯಲ್ಲಿ ಇನ್ನೊಬ್ಬನು ಬಂದು, ಅದನ್ನು ಎಲ್ಲರಿಗೂ ಬಾಗಿಲಾಗಿ ಅಗಲಿಸಿದನು. ಪರಸ್ಪರ ಗೌರವವೆಂದರೆ ಇದೇ ಎಂದು ನಮಗೆ ತೋರುತ್ತದೆ. ಅಭಿಪ್ರಾಯ ಒಂದಾಗಬೇಕಾಗಿಲ್ಲ. ಎದುರಿನವನು ತಾನು ನಿಜವಾಗಿ ಹೇಳಬಲ್ಲ ಮಾತಿನಲ್ಲಿಯೇ ತನ್ನ ವಚನ ಕೊಡಲಿ ಎಂದು ಬಿಡುವುದು, ಕೊಟ್ಟ ವಚನವನ್ನು ನಂಬುವುದು, ಇಷ್ಟಾದರೆ ಸಾಕು.

ಭಾರತದ ಸದಸ್ಯನ ಶವಯಾತ್ರೆ

ಬ್ರಾಡ್ಲಾ ಭಾರತಕ್ಕೂ ಬೇಕಾದವರಾಗಿದ್ದರು. ಭಾರತೀಯರ ಅಹವಾಲುಗಳನ್ನು ಬಿಡದೆ ಎತ್ತುತ್ತಿದ್ದ ಅವರಿಗೆ ಪಾರ್ಲಿಮೆಂಟಿನಲ್ಲಿ ‘ಭಾರತದ ಸದಸ್ಯ’ ಎಂಬ ಹೆಸರೇ ಬಿದ್ದಿತ್ತು. 1889ರಲ್ಲಿ ಮುಂಬಯಿಯಲ್ಲಿ ಸೇರಿದ ಐದನೆಯ ಕಾಂಗ್ರೆಸ್ ಅಧಿವೇಶನಕ್ಕೆ, ಕಾಯಿಲೆಯಿಂದ ಆಗತಾನೆ ಎದ್ದಿದ್ದರೂ, ಹಡಗು ಹತ್ತಿ ಬಂದರು. ಲಾಹೋರಿನ ಬ್ರಾಡ್ಲಾ ಹಾಲ್ ಅವರ ನೆನಪಿಗೆ ಕಟ್ಟಿದ್ದು. ಭಗತ್ ಸಿಂಗ್ ಓದಿದ ನ್ಯಾಷನಲ್ ಕಾಲೇಜು ಮುಂದೆ ಅಲ್ಲಿಯೇ ನಡೆಯಿತು.

1891ರ ಜನವರಿ 27ರಂದು ಪಾರ್ಲಿಮೆಂಟು, 1880ರಲ್ಲಿ ಬ್ರಾಡ್ಲಾರನ್ನು ಹೊರಗಿಟ್ಟ ಠರಾವನ್ನು ತನ್ನ ಕಡತದಿಂದಲೇ ಅಳಿಸಿಹಾಕಲು ತೀರ್ಮಾನಿಸಿತು. ಅಷ್ಟರಲ್ಲಿ ಅವರು ಮರಣಶಯ್ಯೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಸುದ್ದಿ ಅವರಿಗೆ ತಿಳಿಯಲಿಲ್ಲ. 30ರಂದು ತೀರಿಕೊಂಡರು.

ಬ್ರುಕ್‌ವುಡ್ ಸ್ಮಶಾನದಲ್ಲಿ ಅವರ ಅಂತ್ಯಕ್ರಿಯೆಗೆ ಲಂಡನ್ನಿನ ಭಾರತೀಯರು ಹೋಗಿದ್ದರು. ಅವರಲ್ಲಿ ಇಪ್ಪತ್ತೊಂದು ವರ್ಷದ ಕಾನೂನು ವಿದ್ಯಾರ್ಥಿ ಮೋಹನದಾಸ ಗಾಂಧಿಯೂ ಒಬ್ಬರು. ಕೆಲವು ಕ್ರೈಸ್ತ ಪಾದ್ರಿಗಳೂ ಅಂತಿಮ ಗೌರವ ಸಲ್ಲಿಸಲು ಬಂದಿದ್ದರೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಿಂದಿರುಗುವಾಗ ರೈಲಿಗೆ ಕಾಯುತ್ತಿದ್ದ ಗುಂಪಿನಲ್ಲಿ ನಾಸ್ತಿಕನೊಬ್ಬನು ಈ ಪಾದ್ರಿಗಳಲ್ಲೊಬ್ಬರನ್ನು ಹಿಡಿದುಕೊಂಡನು. ಭೂಮಿಯ ಸುತ್ತಳತೆ ಇಷ್ಟೆಂದು ಒಪ್ಪುತ್ತೀರಲ್ಲ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಅವನು ಎಲ್ಲಿದ್ದಾನೆ ಎಂದು ಕೆಣಕಿದನು. ತಿಳಿದರೆ ಅವನು ನಮ್ಮಿಬ್ಬರ ಹೃದಯದಲ್ಲಿಯೂ ಇದ್ದಾನೆ ಎಂದು ಪಾದ್ರಿಗಳು ಹೇಳಿದರು. ನನ್ನನ್ನು ಮಗುವೆಂದು ತಿಳಿಯಬೇಡಿ ಎಂದು ಆತ ಗೆದ್ದವನಂತೆ ಉಳಿದವರತ್ತ ನೋಡಿದನು. ಪಾದ್ರಿಗಳು ವಿನಯದಿಂದ ಮೌನವಾದರು. ಆ ಮಾತುಕತೆ ನಾಸ್ತಿಕವಾದದ ಮೇಲೆ ತನಗಿದ್ದ ಅರುಚಿಯನ್ನು ಹೆಚ್ಚಿಸಿತು ಎನ್ನುತ್ತಾರೆ ಗಾಂಧೀಜಿ.

ಈ ಪ್ರಸಂಗವನ್ನು ನಮ್ಮ ವಿಚಾರವಾದಿ ಮಿತ್ರರು ಮನಸ್ಸಿಟ್ಟು ಓದಬೇಕು. ತಮ್ಮ ನಾಯಕನ ಶವಕ್ಕೆ ಗೌರವ ಸಲ್ಲಿಸಲು ಬಂದ ವಿರೋಧಿಯನ್ನು ನಿಲ್ದಾಣದಲ್ಲಿ ನಿಲ್ಲಿಸಿ ಗೇಲಿ ಮಾಡಿದವನು ವಾದದಲ್ಲಿ ಗೆದ್ದಿರಬಹುದು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ತರುಣನನ್ನು ಮಾತ್ರ ಕಳೆದುಕೊಂಡನು. ಬ್ರಾಡ್ಲಾರನ್ನು ಹೊರಗಟ್ಟಿದ ಪಾದ್ರಿ ಯಾವ ತಪ್ಪು ಮಾಡಿದರೋ ಅದೇ ತಪ್ಪನ್ನು ಈ ಕಡೆಯಿಂದ ಈತ ಮಾಡಿದನು.

ಹಾಗೆಂದು ಟೀಕೆಯೇ ಬೇಡವೆನ್ನುವವರು ನಾವಲ್ಲ. 1883ರಲ್ಲಿ ‘ಫ್ರೀಥಿಂಕರ್’ ಪತ್ರಿಕೆಯ ಸಂಪಾದಕ ಜಿ.ಡಬ್ಲ್ಯು. ಫೂಟ್ ಅವರು ಬೈಬಲ್ಲನ್ನು ಗೇಲಿ ಮಾಡಿದ ವ್ಯಂಗ್ಯಚಿತ್ರಗಳಿಗಾಗಿ ಒಂದು ವರ್ಷ ಜೈಲು ಶಿಕ್ಷೆಗೆ ಗುರಿಯಾದರು. ಅದೇ ವರ್ಷ ಅವರ ಮೇಲಿನ ಇನ್ನೊಂದು ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಕೋಲ್‌ರಿಜ್, ವಾದದ ಮರ್ಯಾದೆ ಮೀರದಿದ್ದರೆ ಧರ್ಮದ ಮೂಲತತ್ವಗಳನ್ನೇ ಅಲ್ಲಗಳೆದರೂ ಅದು ಅಪರಾಧವಲ್ಲವೆಂದು ವಿವರಿಸಿದರು. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಪ್ರಶ್ನೆ ಏನು ಹೇಳಿದೆ ಎಂಬುದಕ್ಕಿಂತ ಹೇಗೆ ಹೇಳಿದೆ ಎಂಬುದಾಯಿತು. ದೇವನಿಂದೆಯ ಆ ಹಳೆಯ ಅಪರಾಧವನ್ನು 2008ರಲ್ಲಿ ಅಲ್ಲಿ ಪೂರ್ತಿಯಾಗಿ ರದ್ದುಮಾಡಿದರು. ಕಾನೂನು ಬಿಟ್ಟುಕೊಟ್ಟ ಆ ಕಾವಲನ್ನು ಈಗ ಸಜ್ಜನಿಕೆಯೇ ಕಾಯಬೇಕು.

ನಮ್ಮ ಸಂವಿಧಾನದಲ್ಲಿ

ಭಾರತದಲ್ಲಿ ಈ ಪ್ರಶ್ನೆ ಬೇರೆ ದಾರಿಯಿಂದ ಬಂತು. ಕಂಪೆನಿ ಸರಕಾರದ ಕೋರ್ಟುಗಳಲ್ಲಿ ಹಿಂದುಗಳು ಗಂಗಾಜಲ ಮುಟ್ಟಿ, ಮುಸ್ಲಿಮರು ಕುರಾನ್ ಹಿಡಿದು ಆಣೆಯಿಡಬೇಕಿತ್ತು. ಹಲವರಿಗೆ ಅದು ಸಂಕಟದ್ದಾದುದರಿಂದ 1840ರ ಕಾಯಿದೆ ಬರಿಯ ದೃಢವಚನವನ್ನು ಜಾರಿಗೆ ತಂದಿತು. 1873ರ ಕಾಯಿದೆಯೂ, ಈಗ ಇರುವ 1969ರ ಕಾಯಿದೆಯೂ ಸಾಕ್ಷಿದಾರನಿಗೆ ಈ ಆಯ್ಕೆಯನ್ನು ಉಳಿಸಿವೆ.

ಸಂವಿಧಾನ ಸಭೆಯಲ್ಲಿ ಮಾತು ಮತ್ತೆ ಎದ್ದಿತು. 1948ರ ಡಿಸೆಂಬರಿನಲ್ಲಿ ರಾಷ್ಟ್ರಪತಿಯವರ ಪ್ರಮಾಣವಚನ ಚರ್ಚೆಗೆ ಬಂದಾಗ ಮಹಾವೀರ ತ್ಯಾಗಿಯವರು ದೇವರ ಹೆಸರು ಅದರಲ್ಲಿ ಇರಬೇಕೆಂದು ತಿದ್ದುಪಡಿ ತಂದರು. ದೇವರ ಹೆಸರು ಬಂತು, ದೃಢಪ್ರತಿಜ್ಞೆಯೂ ಪಕ್ಕದಲ್ಲಿ ಉಳಿಯಿತು. ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳಿಗೂ ಸದಸ್ಯರಿಗೂ ನ್ಯಾಯಾಧೀಶರಿಗೂ ಇದೇ ಜೋಡಿ ದಾರಿ.

1949ರ ಅಕ್ಟೋಬರ್ 17ರಂದು ಎಚ್.ವಿ. ಕಾಮತ್ ಅವರು ಪೀಠಿಕೆಯನ್ನೂ ದೇವರ ಹೆಸರಿನಿಂದ ಆರಂಭಿಸಬೇಕೆಂದು ಸೂಚಿಸಿದರು. ಆಗ ವಿರೋಧಿಸಿ ಎದ್ದವರಲ್ಲಿ ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರು ಪ್ರಮುಖರು. ಅವರು ನಾಸ್ತಿಕರಲ್ಲ, ದೇವರನ್ನು ನಂಬಿದವರು. ಆದರೆ ನಂಬುವ ಹಕ್ಕಿನೊಂದಿಗೆ ನಂಬದಿರುವ ಹಕ್ಕೂ ಮನುಷ್ಯನಿಗೆ ಇದೆ, ಇದನ್ನು ಪೀಠಿಕೆಯಲ್ಲಿ ಸೇರಿಸಿದರೆ ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದಂತಾಗುತ್ತದೆ ಎಂಬುದು ಅವರ ನಿಲುವು. ಸೂಚನೆ 41ಕ್ಕೆ 68 ಮತಗಳಿಂದ ಬಿದ್ದಿತು. ಗ್ಲ್ಯಾಡ್‌ಸ್ಟನ್ನರು ಲಂಡನ್ನಿನಲ್ಲಿ ಸೋತ ವಾದವನ್ನು ಅರುವತ್ತಾರು ವರ್ಷಗಳ ಬಳಿಕ, ಮುಂದೆ ಕೇರಳದ ಮುಖ್ಯಮಂತ್ರಿಯಾಗಲಿದ್ದ ಒಬ್ಬ ಆಸ್ತಿಕರು ದಿಲ್ಲಿಯಲ್ಲಿ ಗೆಲ್ಲಿಸಿದರೆನ್ನಬಹುದು.

ನಮ್ಮ ಸುತ್ತಮುತ್ತ

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಪರೀಕ್ಷೆ ಇರುವುದು ಊರಿನಲ್ಲಿ. ಕೇರಳದಷ್ಟು ಕ್ರೈಸ್ತರೂ ನಿರೀಶ್ವರವಾದಿಗಳೂ ಅಕ್ಕಪಕ್ಕದಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ, ಬಾಳುವ ಪ್ರದೇಶ ದೇಶದಲ್ಲಿ ಬೇರೆ ವಿರಳ. ನಮ್ಮ ಜಿಲ್ಲೆಯಲ್ಲೇ 1890ರಲ್ಲಿ ಕಟ್ಟಿದ ಬೇಳದ ಇಗರ್ಜಿಯ ಕೊಂಕಣಿ ಕ್ರೈಸ್ತರಿದ್ದಾರೆ. 1943ರಲ್ಲಿ ತಿರುವಾಂಕೂರಿನಿಂದ ವಲಸೆ ಬಂದು ರಾಜಪುರದ ಕಾಡು ಕಡಿದು ಕೃಷಿ ಮಾಡಿದವರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಅವರ ನೆರೆಯಲ್ಲಿ ದೇವರನ್ನು ಬಿಟ್ಟು ಪಕ್ಷವನ್ನು ಹಿಡಿದವರೂ ಇದ್ದಾರೆ.

ಇಲ್ಲಿ ಒತ್ತಾಯ ಒಂದೇ ಕಡೆಯಿಂದ ಬರುತ್ತದೆ ಎನ್ನುವಂತಿಲ್ಲ. 2006ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಇಬ್ಬರು ಶಾಸಕರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದ್ದಕ್ಕೆ ಪಕ್ಷದೊಳಗೆ ಆಕ್ಷೇಪ ಎದ್ದಿತು. 2021ರಲ್ಲಿ ಅದೇ ಪಕ್ಷದ ವೀಣಾ ಜಾರ್ಜ್ ದೇವರ ಹೆಸರಿನಲ್ಲಿ ಮಂತ್ರಿಯಾಗಿ ಪ್ರಮಾಣ ಮಾಡಿದಾಗಲೂ ಹುಬ್ಬೇರಿಸಿದವರಿದ್ದರು. ತನ್ನ ಸದಸ್ಯರಿಗೆ ಶಿಸ್ತು ಹೇಳುವುದು ಪಕ್ಷದ ಒಳಗಿನ ವಿಚಾರವಾಗಿರಬಹುದು. ಆದರೆ ಮನಸ್ಸಿನಲ್ಲಿ ದೇವರಿದ್ದವನು ಬಾಯಲ್ಲಿ ಇಲ್ಲವೆನ್ನುವಂತಾದರೆ, ಅದು ರೋಚ್‌ಡೇಲಿನ ಆ ಮಹಿಳೆಗೆ ಆದ ಅನ್ಯಾಯವನ್ನೇ ಮಗುಚಿ ಹಾಕಿದಂತೆ.

ಇನ್ನೊಂದು ಪ್ರಕರಣ ಹೆಚ್ಚು ನೋವಿನದು. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಕಮ್ಯುನಿಸ್ಟರಾಗಿ ಬಾಳಿದ ಹಿರಿಯ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ಶವವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೇ, ಇಗರ್ಜಿಯ ಕ್ರಮದಲ್ಲಿ ಮಣ್ಣು ಮಾಡಬೇಕೇ ಎಂದು ಮಕ್ಕಳಲ್ಲಿಯೇ ವ್ಯಾಜ್ಯ ಹುಟ್ಟಿತು. ಹೈಕೋರ್ಟು ಕಾಲೇಜಿಗೆ ಕೊಡುವುದನ್ನು ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದರಲ್ಲಿ ಕೈಹಾಕಲಿಲ್ಲ. ತಂದೆಗಾಗಿ ಪ್ರಾರ್ಥನೆ ಬಯಸುವ ಮಗಳ ಪ್ರೀತಿ ಅರ್ಥವಾಗದ್ದಲ್ಲ. ತಂದೆ ಬಾಳಿದ ರೀತಿಗೆ ತಕ್ಕಂತೆ ಕಳುಹಿಸಿಕೊಡಬೇಕೆನ್ನುವ ಮಗನ ನಿಷ್ಠೆಯೂ ಹಾಗೆಯೇ. ಆದರೆ ಇಂಥ ಮಾತು ಶವದ ಮುಂದೆ ಹುಟ್ಟಬಾರದು. ನಂಬಿಕೆ ಬೇರೆ ಬೇರೆಯಾದ ಮನೆಗಳಲ್ಲಿ ತನ್ನ ಕೊನೆಯ ಇಚ್ಛೆಯನ್ನು ಬದುಕಿರುವಾಗಲೇ ಸ್ಪಷ್ಟವಾಗಿ ಬರೆದಿಡುವುದು ಹಿರಿಯರ ಕರ್ತವ್ಯ. ಅದು ತಮಗೆ ಒಪ್ಪಿಗೆಯಾಗದಿದ್ದರೂ ನಡೆಸಿಕೊಡುವುದು ಕಿರಿಯರ ಕರ್ತವ್ಯ. ಆಸ್ತಿಕ ತಂದೆಗೆ ನಾಸ್ತಿಕ ಮಗನು ಇಗರ್ಜಿಯ ಕ್ರಮ ತಪ್ಪಿಸಬಾರದು. ನಾಸ್ತಿಕ ತಂದೆಗೆ ಆಸ್ತಿಕ ಮಗಳು ಅದನ್ನು ಹೇರಬಾರದು. ಪ್ರಾರ್ಥಿಸುವುದನ್ನು ಅವಳಿಗೆ ಯಾರೂ ತಡೆಯಲಾರರು.

ನಂಬಿಕೆಯಿಲ್ಲದವನ ಮಾತಿಗೆ ಬೆಲೆಯಿಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ನಂಬಿಕೆಯುಳ್ಳವನಿಗೆ ಬುದ್ಧಿ ಕಡಮೆ ಎಂಬ ಹಮ್ಮೂ ಇನ್ನೊಂದು ಕಡೆ ಅಳಿದಿಲ್ಲ. ಎರಡನ್ನೂ ಹುಸಿಮಾಡಿ ತೋರಿಸುವುದು ದೊಡ್ಡ ಭಾಷಣಗಳಲ್ಲ. ಕೊಟ್ಟ ಮಾತಿಗೆ ನಡೆದುಕೊಳ್ಳುವ ಜನರು. ನಾರ್ಥಾಂಪ್ಟನ್ನಿನ ಚಮ್ಮಾರರು ತಮ್ಮ ಪ್ರತಿನಿಧಿಯಲ್ಲಿ ನೋಡಿದ್ದು ಅಷ್ಟನ್ನೇ. ಮುಂದಿನ ಸಲ ತಿರುವನಂತಪುರದಲ್ಲಿ ಒಬ್ಬರು ದೇವರ ಹೆಸರಿನಲ್ಲಿ, ಇನ್ನೊಬ್ಬರು ಸಗೌರವವಾಗಿ, ಮತ್ತೊಬ್ಬರು ಕನ್ನಡದಲ್ಲಿ ಮಾತು ಕೊಟ್ಟಾಗ ನಾವು ಹೆಸರನ್ನೂ ಭಾಷೆಯನ್ನೂ ಲೆಕ್ಕ ಹಾಕೋಣ, ತಪ್ಪಿಲ್ಲ. ಬಳಿಕ ಐದು ವರ್ಷ, ಕೊಟ್ಟ ಮಾತನ್ನೂ ಲೆಕ್ಕ ಹಾಕುತ್ತಿರೋಣ.